ತುಂಬದ ಡ್ಯಾಮು, ಪಾಲಿನ ಬಾವಿ

ಮೊದಲೇ ಒಂದು ಕನ್ಫೆಷನ್ ಮಾಡಿಬಿಡುತ್ತೇನೆ. ಈ ವರ್ಷ ಜೂನ್ ಅರ್ಧ ಕಳೆದರೂ ನೇತ್ರಾವತಿಯ ಡ್ಯಾಮ್ ತುಂಬಲಿಲ್ಲ. ನಳ್ಳಿಯಲ್ಲಿ ನೀರು ಎರಡು ದಿನಕ್ಕೊಮ್ಮೆ ಎಂದಾಗ ಮಂಗಳೂರಿಗೆ ಮಂಗಳೂರೇ ಆಕಾಶ ನೋಡುತ್ತಿತ್ತು. ಶಕ್ತಿನಗರದ ಈ ಮುದುಕಿ ಮಾತ್ರ ಒಳಗೊಳಗೇ ಖುಷಿಯಲ್ಲಿದ್ದಳು.

ಕಾರಣ ನಮ್ಮ ಬಾವಿ. ನಮ್ಮದು ಎಂದರೆ ಅರ್ಧ ನಮ್ಮದು. ಹಿಂದೆ ಜಾಗ ಪಾಲಾದಾಗ ಬಾವಿಯನ್ನು ಕತ್ತರಿಸಲಿಕ್ಕಾಗುತ್ತದೆಯೇ? ಕಂಪೌಂಡ್ ಗೋಡೆ ಬಾವಿಯ ತನಕ ಬಂದು ನಿಂತು, ಬಾವಿ ದಾಟಿದ ಮೇಲೆ ಮುಂದುವರಿಯುತ್ತದೆ. ಈಚೆ ನನ್ನ ರಾಟೆ, ಆಚೆ ಪಕ್ಕದ ಮನೆಯ ಸರೋಜಕ್ಕನ ರಾಟೆ. ಫೋರ್ಕ್ ಹಿಡಿಯಲು ಕಲಿಸಿದ ಕಾನ್ವೆಂಟು ನನಗೆ ಹಗ್ಗ ಹಿಡಿಯಲು ಕಲಿಸಿರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ಕೊಡಪಾನ ಬಾವಿಯ ಪಾಲಾಯಿತು. ಕೊಕ್ಕೆ ಇಳಿಸಿ ಎತ್ತಿಕೊಟ್ಟವರು ಸರೋಜಕ್ಕ. “ಎಂತ ಟೀಚರೇ, ಬಗ್ಗಿ ನೋಡುದು? ಇಂಗ್ಲಿಷ್‌ನಲ್ಲಿ ಕರೆದ್ರೆ ಮೇಲೆ ಬರ್ತದಾ?”

‘ರೈವಲ್’, ಅಂದರೆ ಎದುರಾಳಿ, ಎಂಬ ಪದಕ್ಕೆ ಲ್ಯಾಟಿನ್ ಮೂಲದಲ್ಲಿ ಒಂದೇ ತೊರೆಯ ನೀರು ಬಳಸುವವರು ಎಂಬರ್ಥವಂತೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಪಾಪ, ಆ ಲ್ಯಾಟಿನ್ ಮಂದಿಗೆ ಸರೋಜಕ್ಕ ಸಿಕ್ಕಿರಲಿಲ್ಲ.

ಆಮೇಲೆ ಅಡುಗೆಮನೆಗೇ ನಳ್ಳಿ ಬಂತು. ಬಾವಿಗೆ ಬಲೆ ಮುಚ್ಚಿದೆವು. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು; ನಮ್ಮ ನಡುವೆ ನಳ್ಳಿಯ ಹೊರತು ಬೇರೇನೂ ಆಗಿರಲಿಲ್ಲ. ಕಾರಣವಿಲ್ಲದೆ ಒಬ್ಬರ ಬಾಗಿಲು ತಟ್ಟುವುದು ಬ್ಯಾಡ್ ಮ್ಯಾನರ್ಸ್ ಎಂದು ಕಲಿತವಳು ನಾನು. ಸರೋಜಕ್ಕನೋ, ಕರೆಯದೆ ಬರುವವರಲ್ಲ. ಹತ್ತು ಹೆಜ್ಜೆಯ ದೂರದಲ್ಲಿ ಎಷ್ಟೋ ವರ್ಷ ಕಳೆದುಹೋದವು.

ಈ ಜೂನ್‌ನಲ್ಲಿ ನಳ್ಳಿ ಕೆಮ್ಮಿ ಸುಮ್ಮನಾದ ಬೆಳಿಗ್ಗೆ, ಬಲೆ ಸರಿಸಿ ಹಗ್ಗ ಇಳಿಸಿದೆ. ಕೆಳಗೆ ಟಣ್ ಎಂದಿತು. ತಲೆಯೆತ್ತಿದರೆ, ಆಚೆ ತಾವೂ ಹಗ್ಗ ಹಿಡಿದು ನಿಂತಿದ್ದಾರೆ, ತಲೆಯೆಲ್ಲ ಬೆಳ್ಳಗಾದ ಸರೋಜಕ್ಕ.

“ನನ್ನ ಪಾಲಿನ ನೀರಿಗೆ ಕೈ ಹಾಕ್ತೀರಲ್ಲ ಟೀಚರೇ!”

“ಕೆಳಗೆ ಗೋಡೆ ಉಂಟಾ ಸರೋಜಕ್ಕ?”

“ಇಲ್ಲ. ಇಲ್ಲಿ ಮೇಲೆಯೂ ಇಲ್ಲ. ಆದ್ರೂ ನೀವು ಇಷ್ಟು ವರ್ಷ ಕಾಣ್ಲಿಲ್ಲ ಮಾರಾಯ್ರೆ.”

ನಾನು ಹಗ್ಗ ಎಳೆದೆ.

ಆಮೇಲೆ ದಿನಾ ಒಂದು ಕೊಡಪಾನಕ್ಕೆ ಒಂದು ಗಂಟೆ ಮಾತು. ಮೊಣಕಾಲು, ಸೊಸೆಯಂದಿರು, ಬಂಗುಡೆ ಮೀನಿಗೆ ಹುಳಿ ಎಷ್ಟು. ಟೀವಿಯಲ್ಲಿ ಡ್ಯಾಮಿನ ಮಟ್ಟ ಹೇಳುವಾಗ ಎಲ್ಲರಂತೆ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಬೇಡುತ್ತಿದ್ದುದು ಮಾತ್ರ ಉಲ್ಟಾ. ಬಾವಿಯಿಲ್ಲದ ಮನೆಗಳನ್ನು ನೆನೆದಾಗ ನಾಚಿಕೆಯೂ ಆಗುತ್ತಿತ್ತು.

ಕೊನೆಗೆ ಮಳೆ ಹಿಡಿಯಿತು. ಡ್ಯಾಮ್ ತುಂಬಿತು. ನಳ್ಳಿ ಭೋರೆಂದು ಬಂದ ಬೆಳಿಗ್ಗೆ, ಅದರಡಿ ಬಕೆಟ್ ಇಟ್ಟು, ಕೊಡೆ ಬಿಡಿಸಿ, ಖಾಲಿ ಕೊಡಪಾನ ಹಿಡಿದು ಬಾವಿಕಟ್ಟೆಗೆ ಹೋದೆ. ಆಚೆ ಒಂದು ಕೊಡೆ ಆಗಲೇ ನಿಂತಿತ್ತು.

“ನಿಮಗೆ ನಳ್ಳಿ ಬರ್ಲಿಲ್ವಾ ಟೀಚರೇ?”

“ಇಲ್ಲ ಸರೋಜಕ್ಕ. ನಿಮಗೆ?”

“ನಮಗೂ ಇಲ್ಲ.”

ಅವರ ಅಡುಗೆಮನೆಯಿಂದ ಬಕೆಟ್ ತುಂಬಿ ಚೆಲ್ಲುವ ಸದ್ದು ಮಳೆಯ ನಡುವೆಯೂ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಮನೆಯದು ಅವರಿಗೆ ಕೇಳದಿರಲೆಂದು ನಾನು ರಾಟೆಯನ್ನು ಬೇಕೆಂದೇ ಕಿರುಗುಟ್ಟಿಸುತ್ತಾ ಹಗ್ಗ ಇಳಿಸಿದೆ.