ಬ್ಯಾಂಕಾಕಿನಲ್ಲಿ ಅತ್ತೆಯ ಉಪವಾಸ

ನಮ್ಮ ಅತ್ತೆಯ ಎರಡೂ ಅಂಗೈಗಳು ಒಬ್ಬರವೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದು ಬಲಗೈ ಹಲಗೆಯಂತೆ ಗಟ್ಟಿಯಾಗಿತ್ತು. ಎಡಗೈ ಮಾತ್ರ ಮೆತ್ತಗೆ, ಹತ್ತಿರ ಹೋದರೆ ವಿಭೂತಿಯ ವಾಸನೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಆ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅರ್ಧ ಗಂಟೆ ಕೂತುಬಿಡುವರು. ಆ ಪೂಜೆಯಾಗದೆ ಒಂದು ತುತ್ತೂ ಬಾಯಿಗೆ ಇಡುವವರಲ್ಲ. ಪೂಜೆ ಮುಗಿದ ಮೇಲೆ ಲಿಂಗ ಬೆಳ್ಳಿಯ ಕರಡಿಗೆ ಸೇರುತ್ತಿತ್ತು, ಕರಡಿಗೆ ದಾರದಲ್ಲಿ ಅವರ ಎದೆಯ ಮೇಲೆ ಇರುತ್ತಿತ್ತು.

ಮರೆವು ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ. ಕೊಳಕೂರಿನ ಬೀಗರು ಯಾವ ವರ್ಷ ನಮ್ಮ ಹಿತ್ತಾಳೆ ಕೊಡ ಒಯ್ದರು, ಅದು ವಾಪಸು ಬಂದಾಗ ಎಲ್ಲಿ ನೆಗ್ಗಿತ್ತು, ಎಲ್ಲ ಹೇಳುವರು. ಜೇವರ್ಗಿಯ ಮನೆಯ ತಿಜೋರಿ, ಕಾಳಿನ ಕೋಣೆ, ಮೂಲ ಊರಾದ ಇಜೇರಿಯ ಮನೆಯ ಬಾಗಿಲು, ಇಷ್ಟಕ್ಕೂ ಕೀಲಿಗಳು ಅವರ ಸೊಂಟದಲ್ಲಿ ಗಿಲಿಗಿಲಿ ಎನ್ನುತ್ತಿದ್ದವು. ನಾನೋ ಮರೆಗುಳಿ. ಹೈಸ್ಕೂಲಿಗೆ ಪಾಠ ಮಾಡಲು ಹೊರಟವಳನ್ನು ದಿನಾ ಅಡುಗೆಮನೆಯಿಂದಲೇ ಕೂಗಿ ಕೇಳುವರು: "ಚಶ್ಮಾ ತಗೊಂಡಿಯೇನ್ಬೇ? ಡಬ್ಬಿ?" ನನಗೆ ಮೈಯೆಲ್ಲ ಉರಿಯುತ್ತಿತ್ತು, ಏಕೆಂದರೆ ಎರಡರಲ್ಲಿ ಒಂದನ್ನು ನಾನು ಖಂಡಿತ ಮರೆತಿರುತ್ತಿದ್ದೆ.

ಆರು ವರ್ಷದ ಹಿಂದೆ ದಸರೆ ರಜೆಯಲ್ಲಿ ನಮ್ಮವರು ಬ್ಯಾಂಕಾಕಿಗೆ ಹೋಗೋಣ ಎಂದರು. ನಾವಿಬ್ಬರು, ಮಗಳು, ಜೊತೆಗೆ ಎಪ್ಪತ್ತೆರಡರ ಅತ್ತೆ. ಬರುವುದಿಲ್ಲ ಎನ್ನುತ್ತಾರೆಂದು ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಅವರು ಮರುದಿನವೇ ಕಡಕ್ ರೊಟ್ಟಿ ಬಡಿಯಲು ಕೂತರು. ಎರಡು ಡಬ್ಬಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ವಿಮಾನ ಹತ್ತಿದವು.

ಆ ನಗರವನ್ನು ಅವರು ನನಗಿಂತ ಚೆನ್ನಾಗಿ ನೋಡಿದರು. ನಾನು ಫೋಟೋ ತೆಗೆಯುವುದರಲ್ಲಿದ್ದೆ. ಅವರು ಬೀದಿಯಲ್ಲಿ ಮೆಣಸಿನಕಾಯಿ ಹುರಿಯುವವಳ ಬಂಡಿಯ ಮುಂದೆ ನಿಂತು, ಕೆಮ್ಮುತ್ತಲೇ, "ಖಾರ ನಮ್ಮಂಗೇ ತಿಂತಾರ, ಮಂದಿ ಚಲೋ ಇದ್ದಾರ" ಎಂದು ತೀರ್ಪು ಕೊಟ್ಟರು. ನದಿಯ ದೋಣಿಗಳು, ಮೂರು ಗಾಲಿಯ ಗಾಡಿಗಳು, ತಲೆಯ ಮೇಲೆ ಓಡುವ ರೈಲು ನೋಡಿ, "ಅಮಾಸಿಗಿ ಗಾಣಗಾಪುರದಾಗೂ ಇಷ್ಟು ಮಂದಿ ಇರಂಗಿಲ್ಲಲೇ ಯಪ್ಪಾ" ಎಂದು ಮಗನ ತೋಳು ಹಿಡಿದರು. ನಮ್ಮ ಹೋಟೆಲಿನ ಮುಂದೆ ಕಂಬದ ಮೇಲೊಂದು ಪುಟ್ಟ ಗುಡಿಯಿತ್ತು. ಅಲ್ಲಿಯವರು ಜಾಗದ ದೇವತೆಗೆಂದು ಕಟ್ಟುವ ಗುಡಿ. ಮುಂದೆ ಹೂವಿನ ಮಾಲೆ, ಕೆಂಪು ಶರಬತ್ತಿನ ಬಾಟಲಿ, ಬಾಟಲಿಯಲ್ಲಿ ಹೀರುವ ಕೊಳವೆ. "ದೇವರಿಗಿ ಕುಡಿಯಾಕ ನಳಿಗಿನೂ ಇಟ್ಟಾರ, ಎಷ್ಟು ಕಾಳಜಿ ನೋಡು" ಎಂದು ಹೋಗುವಾಗ ಬರುವಾಗ ಕೈಮುಗಿಯುವರು.

ಮೂರನೆಯ ದಿನ ಪಟ್ಟಾಯದ ಸಮುದ್ರಕ್ಕೆ ಹೋಗಿ ಒಂದು ರಾತ್ರಿ ಉಳಿದು ಮತ್ತೆ ಅದೇ ಹೋಟೆಲಿಗೆ ಮರಳಬೇಕಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ಏಳುವಾಗ ಅತ್ತೆಯ ಕರಡಿಗೆಯ ದಾರ ಹರಿಯಿತು. ಬೇರೆ ದಾರ ಇದ್ದ ಚೀಲ ಆಗಲೇ ಬಸ್ಸು ಸೇರಿತ್ತು. ಕೆಳಗೆ ಹಾರ್ನ್ ಬಾರಿಸುತ್ತಿದ್ದರು.

"ನನ್ನ ಕೈಯಾಗ ಕೊಡ್ರಿ ಅತ್ತಿ, ಪರ್ಸಿನಾಗ ಇಟ್ಕೋತೇನಿ. ಬಸ್ಸಿನಾಗ ಕಟ್ಟೂಣಂತ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಮೈಮೇಲಿನ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಟ್ಟ ರೂಢಿ ಅವರಿಗಿರಲಿಲ್ಲ. "ಜ್ವಾಕಿ" ಎಂದಷ್ಟೇ ಹೇಳಿ ಕೊಟ್ಟರು. ನಾನು ತಲೆ ಬಾಚಿಕೊಳ್ಳಲೆಂದು ಅದನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟೆ. ಬಾಚಿಕೊಂಡೆ, ಹೊರಟೆ.

ಬಸ್ಸಿನಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಪಟ್ಟಾಯದಲ್ಲಿ ಊಟಕ್ಕೆ ಇಳಿದಾಗ ಕೈಚಾಚಿದರು. ಪರ್ಸಿನೊಳಗೆ ಕೈಹಾಕಿದೆ. ಕರಡಿಗೆ ಆ ಕನ್ನಡಿಯ ಕೆಳಗೇ ಉಳಿದಿತ್ತು.

ನಮ್ಮವರಿಗೆ ತಾಯಿಯ ಲಿಂಗವೆಂದರೆ ಪ್ರಾಣ. "ಯಾರ ಕೈಯಾಗಿತ್ತು ಅದು?" ಎಂದು ಎಲ್ಲರೆದುರು ಗುಡುಗಿದರು.

"ನಾನೇ ಮರ್ತು ಬಂದೇನೋ ಯಪ್ಪಾ" ಎಂದರು ಅತ್ತೆ. "ಮುಖಾ ತೊಳಿಯಾಕ ಹೋಗಿದ್ದೆ, ಅಲ್ಲೇ ಇಟ್ಟೆ. ವಯಸ್ಸಾತು."

ಹೋಟೆಲಿಗೆ ಫೋನ್ ಹಚ್ಚಿದರೆ ಅಂಥ ವಸ್ತು ನಮ್ಮಲ್ಲಿ ಬಂದಿಲ್ಲ ಎಂದರು. ಅತ್ತೆ ಊಟದ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು. ಲಿಂಗ ಸಿಗುವವರೆಗೆ ಬರೀ ನೀರು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಉಣ್ಣದೆ ಗುಳಿಗೆ ನುಂಗುವಂತಿಲ್ಲ, ನುಂಗದೆ ಇರುವಂತಿಲ್ಲ. ಮಗ ಬೇಡಿಕೊಂಡರೂ ಮೊಮ್ಮಗಳು ಅತ್ತರೂ ಮಾತು ಒಂದೇ: "ಇಷ್ಟು ವರ್ಷ ಮಾಡಿದ್ದು ಇಲ್ಲಿ ಬಂದು ಬಿಡ್ಲೇನು?"

ಸಂಜೆ ಸಮುದ್ರದ ದಂಡೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ. "ಮರ್ತಾಕಿ ನಾನು. ಯಾಕ ಹಂಗಂದ್ರಿ ಅತ್ತಿ?"

"ಸುಮ್ನಿರು. ಅಂವನ ಸಿಟ್ಟು ನನ್ನ ಮ್ಯಾಲಾದ್ರ ಚಾ ಕುಡಿಯೂತನಕ. ನಿನ್ನ ಮ್ಯಾಲಾದ್ರ ಜೇವರ್ಗಿ ಮುಟ್ಟೂತನಕ. ಹುಡುಗಿ ಖುಷಿಲಿ ಬಂದದ, ಆಕಿ ಮುಂದ ಯಾಕ ಬೇಕು?" ಎಂದು ಖಾಲಿ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರ ಕೈ ನಡುಗತೊಡಗಿತ್ತು. ಬಸ್ಸು ಬ್ಯಾಂಕಾಕಿನ ವಾಹನಗಳ ನಡುವೆ ಒಂದೊಂದೇ ಮೊಳ ಸರಿಯುತ್ತಿತ್ತು. ಯಾವ ನಗರದ ಗದ್ದಲ ನೋಡಿ ಎರಡು ದಿನ ಹಿಗ್ಗಿದ್ದೆನೋ ಅದಕ್ಕೇ ಶಾಪ ಹಾಕುತ್ತ ಕೂತೆ. ಹೋಟೆಲಿನ ಮುಂದೆ ಇಳಿದವರೇ ಅತ್ತೆ, ಅಂಥ ಸ್ಥಿತಿಯಲ್ಲೂ, ರೂಢಿಯಂತೆ ಆ ಪುಟ್ಟ ಗುಡಿಗೆ ಕೈಮುಗಿದರು. ಮುಗಿದ ಕೈ ಹಾಗೇ ನಿಂತಿತು. ಶರಬತ್ತಿನ ಬಾಟಲಿಯ ಪಕ್ಕದಲ್ಲಿ, ಮಲ್ಲಿಗೆ ಮಾಲೆಯ ನಡುವೆ, ಅವರ ಕರಡಿಗೆ ಇತ್ತು.

ಕೋಣೆ ಗುಡಿಸುವ ಹೆಂಗಸು ಅದನ್ನು ಬಿಚ್ಚಿ ನೋಡಿ, ಯಾರದೋ ದೇವರು ಎಂದು ತಿಳಿದು, ಆಫೀಸಿನ ಡ್ರಾಯರಿಗೆ ಹಾಕಲು ಮನಸ್ಸಾಗದೆ ಇಲ್ಲಿ ತಂದಿಟ್ಟಿದ್ದಳಂತೆ. ಅತ್ತೆ ಸ್ನಾನ, ಪೂಜೆ ಮುಗಿಸಿ ಆಕೆಯನ್ನು ಕರೆಸಿದರು. ಎದುರಿಗೆ ಕೂರಿಸಿಕೊಂಡು ರೊಟ್ಟಿ ಮುರಿದು ಹಿಂಡಿ ಹಚ್ಚಿ ಕೊಟ್ಟು, "ಉಣ್ಣು ನನ್ನವ್ವಾ" ಎಂದರು. ರೊಟ್ಟಿ ಕಟುಂ ಎಂದ ಸದ್ದಿಗೆ ಆಕೆ ಬೆಚ್ಚಿ ನಕ್ಕಳು. ಅತ್ತೆಯೂ ನಕ್ಕು ತಮ್ಮ ಮೊದಲ ತುತ್ತು ಬಾಯಿಗಿಟ್ಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಊರಿಗೆ ಬಂದ ಮೇಲೆ ನಮ್ಮವರು, "ಅವ್ವಗ ಮರವು ಸುರುವಾಗ್ಯಾದ, ಕೀಲಿ ನೀನೇ ಇಟ್ಕೋ" ಎಂದರು. ಅತ್ತೆ ಸೊಂಟದಿಂದ ಗೊಂಚಲು ಬಿಚ್ಚಿ ನನ್ನ ಕೈಗಿಟ್ಟರು. ಮುಖದಲ್ಲಿ ಏನೂ ತೋರಿಸಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಕಾಳು ಬೇಕಾದಾಗ ಅವರೇ ನನ್ನನ್ನು ಕೇಳುವಂತಾಯಿತು. ಆಮೇಲೂ ನನ್ನ ಚಶ್ಮಾ ನೆನಪಿಸುವುದನ್ನು ಅವರು ಬಿಡಲಿಲ್ಲ.

ಹೋದ ಶ್ರಾವಣದಲ್ಲಿ ಅತ್ತೆ ಲಿಂಗೈಕ್ಯರಾದರು. ಮಾತಾಡಿಸಲು ಬಂದ ಬಂಧುಗಳೆದುರು ನಮ್ಮವರು ಪ್ರೀತಿಯಿಂದಲೇ ಬ್ಯಾಂಕಾಕಿನ ಕಥೆ ತೆಗೆದರು. "ಅವ್ವ ಲಿಂಗಾನೇ ಮರ್ತು ಬಂದಿದ್ಲು ನೋಡ್ರಿ, ಅಲ್ಲಿಂದನೇ ಮರವು ಸುರುವಾತು" ಎಂದರು. ಎಲ್ಲರೂ ಕಣ್ಣೊರೆಸಿಕೊಂಡು ನಕ್ಕರು. ನನಗೆ ಇನ್ನು ಸುಮ್ಮನೆ ಕೂರಲಾಗಲಿಲ್ಲ.

"ಅತ್ತಿ ಮರ್ತಿದ್ದಿಲ್ಲ. ಮರ್ತಾಕಿ ನಾನು. ಅವರು ನನ್ನ ಉಳಿಸ್ಯಾರ" ಎಂದು ಎಲ್ಲವನ್ನೂ ಹೇಳಿದೆ.

ನಮ್ಮವರು ಸಿಟ್ಟಾಗಲಿಲ್ಲ. "ಇದನ್ನ ಆಕಿ ಕೇಳೂವಂಗ ಹೇಳ್ಬೇಕಿತ್ತು ನೀ" ಎಂದರು.

ಆ ಆರು ವರ್ಷ ಅತ್ತೆ ಮತ್ತು ನಾನು ಒಂದೇ ಒಲೆಯ ಮುಂದೆ ಕೂತಿದ್ದೆವು.