ಜೋಳದ ಹೊಲದ ಗಾಳಿಗೆ ಛಂದಸ್ಸು

ಗಾಳಿಯನ್ನು ತಿದ್ದಿ ಬರೆಯಿರಿ ಎಂದು ಯಾರಾದರೂ ನಿಮಗೆ ಹೇಳಿದರೆ ಏನು ಮಾಡುತ್ತೀರಿ?

ತೊಂಬತ್ತರ ದಶಕದ ಕೊನೆಯಲ್ಲಿ, ಸಿಂದಗಿಯ ಕಾಲೇಜಿನಲ್ಲಿ, ಕನ್ನೊಳ್ಳಿಯಿಂದ ಬರುತ್ತಿದ್ದ ನನ್ನ ಗೆಳತಿಗೆ ಹಾಗೆ ಹೇಳಲಾಯಿತು. ವಾರ್ಷಿಕ ಸಂಚಿಕೆಗೆಂದು ಅವಳು ಕೊಟ್ಟ ಪದ್ಯವನ್ನು ಕನ್ನಡದ ಗುರುಗಳು ಹಲಗೆಯ ಮೇಲೆ ಬರೆದರು.

ಗಾಳಿ ಬಂದಿತು ಬಿಳಿಯ ಜೋಳಕೆ
ತೆನೆಯ ತೂಗಿತು ಮೆಲ್ಲಮೆಲ್ಲನೆ
ತಟ್ಟನೆ ತಿರುಗಿ ಪಡುವಣಕೋಡಿ
ಹಕ್ಕಿಹಿಂಡನು ಮೇಲೆ ಎಸೆಯಿತು

ಲಘು ಗುರು ಹಾಕಿ ಗಣ ಕಡಿದರು. ಮೂರು ಮಾತ್ರೆ, ನಾಲ್ಕು ಮಾತ್ರೆ; ಮತ್ತೆ ಮೂರು, ನಾಲ್ಕು. ಮೂರನೆಯ ಸಾಲಿನಲ್ಲಿ ಮಾತ್ರ ನಾಲ್ಕು ಮುಂದೆ, ಮೂರು ಹಿಂದೆ! ಅದರ ಪಕ್ಕದಲ್ಲಿ ತಪ್ಪಿನ ಗುರುತು ಬಿತ್ತು.

"ರಿಪೇರಿ ಮಾಡಿಕೊಂಡು ಬಾ ಯವ್ವಾ. ಇಲ್ಲಂದ್ರ ಅಚ್ಚಿಗೆ ಹೋಗೂದಿಲ್ಲ."

"ಗಾಳಿ ರಿಪೇರಿ ಆಗೂದಿಲ್ರಿ ಸರ್," ಎಂದಳು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು ಎದ್ದು ನಿಂತು, ಅಭ್ಯಾಸಬಲದಿಂದ, "ಮಾನ್ಯ ನಿರ್ಣಾಯಕರೇ," ಎಂದುಬಿಟ್ಟೆ.

"ಟೈಮ್ ಆತು, ಗಂಟಿ ಬಾರಿಸ್ರಿ!" ಎಂದು ಹಿಂದಿನ ಬೆಂಚು ಕೂಗಿತು.

ನಗು ಇಳಿಯಲು ಬಿಡದೆ ವಾದಿಸಿದೆ: ಗಾಳಿ ತಿರುಗುವ ಸಾಲಿನಲ್ಲೇ ನಡೆಯೂ ತಿರುಗಿದೆ, ಇದು ದೋಷವಲ್ಲ, ರೂಪವೇ ಅರ್ಥವಾದ ಗಳಿಗೆ. ಅನುಮಾನವಿದ್ದರೆ ಪ್ರತಿ ಗಣದ ಮೊದಲಿಗೆ ಎಲ್ಲರೂ ಚಪ್ಪಾಳೆ ತಟ್ಟಿ ನೋಡೋಣ.

ತಟ್ಟಿದೆವು. ಮೊದಲೆರಡು ಸಾಲಿಗೆ ಕೈಗಳೆಲ್ಲ ಒಂದಾಗಿದ್ದವು. "ತಟ್ಟನೆ" ಬಂದೊಡನೆ ಅರ್ಧ ತರಗತಿಯ ಚಪ್ಪಾಳೆ ಮುಂಚೆ, ಅರ್ಧದ್ದು ಆಮೇಲೆ; ಬಿರುಗಾಳಿಗೆ ತಗಡು ಬಡಿದಂತೆ! ನಾಲ್ಕನೆಯ ಸಾಲಿಗೆ ಎಲ್ಲ ಕೈಗಳೂ ಮತ್ತೆ ಕೂಡಿದವು. ನಮಗೆ ಹುಚ್ಚೇ ಹಿಡಿಯಿತು. ಮತ್ತೆ ತಟ್ಟಿದೆವು, ಬೆಂಚು ಗುದ್ದಿದೆವು, ಕುಣಿದೆವು.

ಪಕ್ಕದ ಕೋಣೆಯಿಂದ ಅರ್ಥಶಾಸ್ತ್ರದ ಮೇಷ್ಟ್ರು ಓಡಿ ಬಂದರು. "ಏನ್ರಿ ಇದು, ಭಜನಿ ಹಚ್ಚೀರೇನು?"

"ಗಾಳಿ ಬಂದೈತ್ರಿ. ಕುಂಡ್ರಿ, ನೀವೂ ತಟ್ರಿ," ಎಂದರು ನಮ್ಮ ಗುರುಗಳು. ಮೂರನೆಯ ಸಾಲಿನಲ್ಲಿ ಇಬ್ಬರ ಚಪ್ಪಾಳೆಯೂ ತಪ್ಪಿತು. ಗುರುಗಳು ಒಂದು ಕ್ಷಣ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಮುಂಗೈಯಿಂದಲೇ ಆ ತಪ್ಪಿನ ಗುರುತನ್ನು ಒರೆಸಿ ಗೆಳತಿಯತ್ತ ತಿರುಗಿದರು.

"ಇದ್ದಂಗ ಇರ್ಲಿ ಯವ್ವಾ. ಒಂದಕ್ಷರ ಮುಟ್ಟಬ್ಯಾಡ."

ಅವಳು ಅಳುತ್ತಲೇ ನಕ್ಕಳು. ಅಂದು ಬಸ್ ಸ್ಟ್ಯಾಂಡಿನವರೆಗೂ ನಾವಿಬ್ಬರೂ ಮೂರು-ನಾಲ್ಕರ ಹೆಜ್ಜೆ ಹಾಕುತ್ತ, ಪ್ರತಿ ತಿರುವಿನಲ್ಲೂ ಬೇಕೆಂದೇ ತಪ್ಪುತ್ತ ಹೋದೆವು.

ಪದ್ಯ ಕಲಿಸುವವರೇ, ಕಲಿಯುವವರೇ, ನನ್ನದೊಂದು ವಿನಂತಿ: ತಪ್ಪಿನ ಗುರುತು ಹಾಕುವ ಮುನ್ನ ಆ ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಚಪ್ಪಾಳೆ ತಟ್ಟಿ ನೋಡಿ.