ಮಿನಿಬಸ್ಸು ಓಡಿಸಿದ ಟೀಚರಮ್ಮ

ಕಾರು ಕಲಿಸುವ ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಹೊಸಬರು ಕ್ಲಚ್ಚಿನ ಮೇಲೆ ಕಾಲಿಡುವ ಮೊದಲೇ ಆಕೆ ಒಂದು ಮಾತು ಹೇಳಿ ಕಿವಿ ಹಿಂಡುತ್ತಿದ್ದಳು: ಕಾರಿನ ಲೈಸೆನ್ಸು ಕಾರಿಗಷ್ಟೇ, ಅದನ್ನಿಟ್ಟುಕೊಂಡು ಬಸ್ಸಿಗೋ ಲಾರಿಗೋ ಕೈ ಹಾಕಿದರೆ, ಗಾಡಿಗೆ ಇನ್ಶೂರೆನ್ಸ್ ಇದ್ದರೂ ಕಂಪನಿಯವರು ಕೈ ಎತ್ತಿಬಿಡುತ್ತಾರೆ.

ಆಕೆಯ ತಮ್ಮನಿಗೊಂದು ಮಿನಿಬಸ್ಸಿತ್ತು. ಬಟ್ಟೆ ಕಾರ್ಖಾನೆಯ ಹೆಂಗಸರನ್ನು ಕೆಲಸಕ್ಕೆ ಬಿಟ್ಟು, ಸಂಜೆ ಮನೆಗೆ ತಲುಪಿಸುವುದೇ ಅವನ ಹೊಟ್ಟೆಪಾಡು. ಒಂದು ಬೆಳಿಗ್ಗೆ ಅವನು ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡ. ಬದಲಿ ಡ್ರೈವರ್ ಸಿಗಲಿಲ್ಲ. ಬೇಡ ಅಕ್ಕ ಎಂದು ಅವನೇ ತಡೆದರೂ ಟೀಚರಮ್ಮ ಕೀಲಿ ಕಿತ್ತುಕೊಂಡಳು. ಊರಿಗೆಲ್ಲ ಕಲಿಸಿದವಳಿಗೆ ಇದೇನು ಮಹಾ ಎಂಬ ಜಂಬ.

ಹೋಗುವಾಗ ಹೂವೆತ್ತಿದಷ್ಟು ಸಲೀಸಾಗಿತ್ತು. ಮರಳಿ ಬಂದು, ತಮ್ಮನ ಮನೆಯ ಬೀದಿಯಲ್ಲಿ ಹಿಂದಕ್ಕೆ ತೆಗೆಯುವಾಗ ಬಸ್ಸಿನ ಉದ್ದ ಅಂದಾಜಿಗೆ ಸಿಗಲಿಲ್ಲ. ಮೂಲೆಯ ದರ್ಜಿಯ ಅಂಗಡಿಗೆ ನುಗ್ಗಿತು. ಹೊಲಿಗೆ ಮಿಷನ್ನು ಉರುಳಿ ದರ್ಜಿಯ ಪಾದದ ಮೂಳೆ ಮುರಿಯಿತು.

ಸದ್ದು ಕೇಳಿ ತಮ್ಮ ಕುಂಟುತ್ತ ಬಂದ. ದರ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಅಕ್ಕನನ್ನು ಪಕ್ಕಕ್ಕೆ ಕರೆದ.

“ಓಡಿಸ್ತಿದ್ದವನು ನಾನೇ ಅಂತ ಹೇಳ್ತೀನಿ. ನೀನು ಬಾಯಿ ಬಿಡಬೇಡ.”

ಆಕೆ ಬೇಡ ಎನ್ನಲಿಲ್ಲ. ಶಾಲೆಯಲ್ಲಿ ಹುಡುಗರು ನಗುವುದು ಕಣ್ಣಮುಂದೆ ಬಂದು ತಲೆಯಾಡಿಸಿಬಿಟ್ಟಳು.

ವಿಚಾರಣೆಗೆ ಇನ್ಶೂರೆನ್ಸ್ ಕಂಪನಿಯವನು ದರ್ಜಿಯ ಮನೆಗೆ ಬಂದಾಗ ಅಕ್ಕ ತಮ್ಮ ಇಬ್ಬರೂ ಅಲ್ಲಿದ್ದರು. ಬಂದವನು ಆಕೆಯ ಹಳೇ ಶಿಷ್ಯ. ಟೀಚರಮ್ಮನನ್ನು ಕಂಡವನೇ ಕುರ್ಚಿ ಬಿಟ್ಟುಕೊಟ್ಟ. ಆ ಕುರ್ಚಿಯಲ್ಲಿ ಕೂರುವುದು ಆಕೆಗೆ ಮುಳ್ಳಿನ ಮೇಲೆ ಕೂತಂತಾಯಿತು. ಬಸ್ಸು ಓಡಿಸುತ್ತಿದ್ದವರು ಯಾರು ಎಂದು ಅವನು ಕೇಳಿದ. ತಾನೇ, ಕಾಲು ಉಳುಕಿದ್ದೂ ಆಗಲೇ ಎಂದ ತಮ್ಮ. ಶಿಷ್ಯ ದರ್ಜಿಯತ್ತ ತಿರುಗಿದ.

ದರ್ಜಿಗೆ ಎಲ್ಲ ಗೊತ್ತಿತ್ತು. ಬಸ್ಸಿನಿಂದ ಇಳಿದು ಓಡಿ ಬಂದು ಅವನನ್ನು ಎತ್ತಿ ಕೂರಿಸಿದ್ದೇ ಆಕೆ. ಅವನ ಮಗಳು ಕಾರು ಕಲಿತದ್ದೂ ಆಕೆಯ ಹತ್ತಿರವೇ. ಅವನು ಆಕೆಯ ಮುಖವನ್ನೊಮ್ಮೆ ನೋಡಿ, ಪ್ಲಾಸ್ಟರು ಹಾಕಿದ ಕಾಲನ್ನು ಸರಿಸಿಕೊಂಡ.

“ಹೌದು ಸಾರ್. ಇವರ ತಮ್ಮನೇ ಓಡಿಸ್ತಿದ್ದದ್ದು.”

ಆಕೆಗೆ ಕಾಲಡಿಯ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನಿಂದ ಕಾಲು ಮುರಿಸಿಕೊಂಡವನು ತನ್ನ ಮಾನಕ್ಕಾಗಿ ಸುಳ್ಳು ಹೇಳುತ್ತಿದ್ದ. ಎದ್ದು ನಿಂತಳು.

“ಓಡಿಸಿದವಳು ನಾನಪ್ಪ. ಬಸ್ಸಿನ ಲೈಸೆನ್ಸು ನನ್ನ ಹತ್ತಿರ ಇಲ್ಲ, ಅದು ನಿನಗೂ ಗೊತ್ತಲ್ಲ.”

ಶಿಷ್ಯ ತಲೆ ತಗ್ಗಿಸಿಕೊಂಡೇ ಅದನ್ನು ಬರೆದುಕೊಂಡ.

ದರ್ಜಿಗೆ ಪರಿಹಾರವೇನೋ ಸಿಕ್ಕಿತು. ಆದರೆ ಕಂಪನಿ ಅದನ್ನು ಗಾಡಿಯ ಮಾಲೀಕನಾದ ತಮ್ಮನಿಂದಲೇ ವಸೂಲಿ ಮಾಡಿತು. ಅಕ್ಕ ಉಳಿಸಿದ್ದೆಲ್ಲ ಕೊಟ್ಟರೂ ಸಾಲದೆ ಬಸ್ಸು ಮಾರಬೇಕಾಯಿತು. ಈಗ ಅವನು ಬೇರೆಯವರ ಗಾಡಿಗೆ ಡ್ರೈವರ್. ಅಕ್ಕನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಆಕೆಗೆ ಎಷ್ಟೋ ಹಗುರಾಗುತ್ತಿತ್ತು. ರಜೆಯ ದಿನ ಅವನ ಮನೆಗೆ ಹೋದರೆ ಇವತ್ತಿಗೂ ಆಕೆ ಹೊಸ್ತಿಲ ಹೊರಗೇ ನಿಂತಿರುತ್ತಾಳೆ, ಅವನ ಹೆಂಡತಿ ಬಂದು ಕೈಹಿಡಿದು ಒಳಗೆ ಕರೆದೊಯ್ಯುವವರೆಗೆ.